ಹೈಬ್ರಿಡ್ ಸೈಕಲ್ಲಿನ ಹ್ಯಾಂಡಲ್ ಏರಸ್ಲಿಕ್ಕೆ ಬರ್ತದೇನ್ರಿ?

ಧಾರವಾಡದಾಂವ, ಕೊಥ್ರೂಡ್:
ನಮಸ್ಕಾರ್ರಿ. ಇರೂದು ಪುಣೇದಾಗ, ವಯಸ್ಸು 48. ದಸರಾದಾಗ ಒಂದು ಹೈಬ್ರಿಡ್ ಸೈಕಲ್ ತೊಗೊಂಡೆ, ಸೆಕೆಂಡ್ ಹ್ಯಾಂಡ್. ರವಿವಾರ ಮುಂಜಾನೆ ಖಡಕ್‌ವಾಸ್ಲಾ ಡ್ಯಾಮಿನ ತನಕಾ ಹೋಗಿ, ಒಂದು ಪ್ಲೇಟ್ ಕಾಂದಾ ಭಜಿ ತಿಂದು ಬರೂದು. ಹೋಗೂವಾಗ ಏನೂ ಇಲ್ಲ. ಬರೂವಾಗ ನಾಂದೇಡ್ ಫಾಟಾ ದಾಟೂದ್ರೊಳಗ ಎರಡೂ ಕೈಯಾಗಿನ ಕಿರುಬೆರಳು, ಅದರ ಬಾಜೂದ್ದು ಜೋಮು ಹಿಡೀತಾವ. ಮನಿಗೆ ಬಂದು ಚಾ ಹಿಡದ್ರ ಕಪ್ಪು ಬಶಿ ಕಟಕಟ ಅಂತಾವ. ಕುತ್ತಿಗೀನೂ ಹಿಡಕೋತದ. ಹ್ಯಾಂಡಲ್ ಸೀಟಿಗಿಂತ ನಾಲ್ಕು ಬೆರಳು ಕೆಳಗದ.

ಅಂಗಡಿಯಾಂವ "ಇದರಾಗ ಏರಸ್ಲಿಕ್ಕೆ ಬರೂದಿಲ್ಲ, ಬ್ಯಾರೆ ಸೈಕಲ್ ತೊಗೊಳ್ರಿ" ಅಂದ. ಖರೇನೇನ್ರಿ? ನಮ್ಮಪ್ಪನ ಅಟ್ಲಾಸ್ ಸೈಕಲ್ಲಿಗೆ ಮ್ಯಾಲಿನ ಬೋಲ್ಟ್ ಸಡ್ಲ ಮಾಡಿ ಒಂದು ಏಟು ಹಾಕಿದ್ರ ಹ್ಯಾಂಡಲ್ ಏರತಿತ್ತು.

ಬಾಣೇರ್, ಊರು ಮೈಸೂರು:
ನಿಮ್ಮ ತಂದೆಯವರದ್ದು ಕ್ವಿಲ್ ಸ್ಟೆಮ್ ಸರ್. ಸ್ಟೆಮ್ ಅಂದ್ರೆ ಹ್ಯಾಂಡಲ್ಲನ್ನ ಫೋರ್ಕಿಗೆ (ಮುಂದಿನ ಗಾಲಿ ಹಿಡಿದಿರೋ ಕವಲು) ಸೇರಿಸೋ ತುಂಡು. ಕ್ವಿಲ್ಲಿನಲ್ಲಿ ಅದು ಫೋರ್ಕಿನ ಕೊಳವೆಯೊಳಗೆ ಇಳಿದಿರುತ್ತೆ, ಒಳಗೊಂದು ಬೆಣೆ ಅದನ್ನ ಹಿಡಿದಿರುತ್ತೆ. ಏಟು ಆ ಬೆಣೆ ಬಿಡಿಸೋಕೆ. ಅಂಥ ಸ್ಟೆಮ್ಮಿನ ಮೇಲೆ ಒಂದು ಗೆರೆ ಇದ್ರೆ, ಅದು ಹೊರಗೆ ಕಾಣೋವಷ್ಟು ಎತ್ತಬಾರದು. ಎತ್ತಿದ್ರೆ ಗುಂಡಿಗೆ ಇಳಿದಾಗ ಹ್ಯಾಂಡಲ್ ಕೈಗೇ ಬರಬಹುದು.

ನಿಮ್ಮದು ಬಹುಶಃ ಥ್ರೆಡ್‌ಲೆಸ್. ಅಂದ್ರೆ ಸ್ಟೆಮ್ ಆ ಕೊಳವೆಯನ್ನ ಹೊರಗಿಂದ ಹಿಡಿದಿರುತ್ತೆ. ಸ್ಟೆಮ್ಮಿನ ಮೇಲೆ ಬಳೆಯಂಥ ಸ್ಪೇಸರ್ ಇದೆಯಾ ನೋಡಿ. ಅದನ್ನ ಕೆಳಗೆ ಹಾಕಿದ್ರೆ ಹ್ಯಾಂಡಲ್ ಅಷ್ಟು ಮೇಲೆ. ಸ್ಟೆಮ್ ಕೆಳಮುಖವಾಗಿದ್ರೆ ಮೇಲ್ಮುಖ ಆಗೋ ಹಾಗೆ ತಿರುವಿ ಹಾಕಿ. ಹೊರಗಿಂದ ಸ್ಪೇಸರ್ ತಂದು ತುರುಕೋದು ಮಾತ್ರ ಬೇಡ, ಕೊಳವೆ ಇರೋದೇ ಅಷ್ಟುದ್ದ, ಸ್ಟೆಮ್ಮಿಗೆ ಹಿಡಿತ ಸಿಗಲ್ಲ.

ಒಂದು ವಿಷಯ, ಎಲ್ಲರೂ ಎಡವೋದು ಇಲ್ಲೇ. ಮೇಲಿನ ಮುಚ್ಚಳದ ಬೋಲ್ಟು ಹ್ಯಾಂಡಲ್ ಹಿಡಿಯೋಕಲ್ಲ, ಬೇರಿಂಗಿನ ಸಡಿಲ ತೆಗೆಯೋಕೆ. ಮೊದಲು ಅದನ್ನ ಹದವಾಗಿ ತಿರುಗಿಸಿ, ಹ್ಯಾಂಡಲ್ ನೆಟ್ಟಗೆ ಮಾಡಿ, ಆಮೇಲೆ ಸ್ಟೆಮ್ಮಿನ ಬೋಲ್ಟುಗಳನ್ನ ಬಿಗಿ ಮಾಡಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ಅಲ್ಲಾಡಿಸಿದಾಗ ಟಕ್ ಟಕ್ ಅಂದ್ರೆ ಇನ್ನೂ ಸಡಿಲ ಇದೆ ಅಂತ.

ವಿಜಾಪುರದಾಂವ, ಪಿಂಪ್ರಿ:
ಅದಕ್ಕೂ ಮೊದ್ಲ ಸೀಟು ನೋಡ್ರಿ ಅಣ್ಣಾರ. ಸೀಟಿನ ಮೂತಿ ಕೆಳಗ ಬಾಗಿದ್ರ ಮೈಭಾರೆಲ್ಲ ಅಂಗೈ ಮ್ಯಾಲ ಬೀಳತೈತಿ. ಕಿರುಬೆರಳಿನ ನರ ಅಂಗೈಯ ಹೊರಮಗ್ಗಲಿಂದ ಹಾದು ಹೋಗತೈತಿ, ಹ್ಯಾಂಡಲ್ ಒತ್ತೂದೂ ಅಲ್ಲೇ. ನಾ ಎರಡು ಜೋಡಿ ಜೆಲ್ ಗ್ಲೋವ್ಸ್ ಕೊಂಡು ರೊಕ್ಕ ಹಾಳ ಮಾಡಿಕೊಂಡ ಮ್ಯಾಲ ಇದು ಗೊತ್ತಾತು.

ಧಾರವಾಡದಾಂವ, ಕೊಥ್ರೂಡ್:
ಮಾಡಿದೆ ನೋಡ್ರಿ. ಸ್ಟೆಮ್ಮಿನ ಮ್ಯಾಲೆ ಮೂರು ಸ್ಪೇಸರ್ ಇದ್ವು, ಒಂದೊಂದು 10 ಮಿಮೀ. ಅಂಗಡಿಯಾಂವನ ಕಣ್ಣಿಗೆ ಬೀಳಲೇ ಇಲ್ಲ ಅಂದ್ರ ಏನನ್ನಬೇಕು! ಮೂರೂ ಕೆಳಗ ಹಾಕಿದ್ರ ಎಡಕ್ಕ ತಿರುವಿದಾಗ ಗೇರಿನ ಕೇಬಲ್ ಜಗ್ಗತಿತ್ತು, ಅದಕ್ಕ ಎರಡೇ ಹಾಕಿದೆ. ಸೀಟಿನ ಮೂತೀನೂ ಬಾಗಿತ್ತು, ಮ್ಯಾಲೊಂದು ಪುಸ್ತಕಾ ಇಟ್ಟು ನೋಡಿ ಸಮಾ ಮಾಡಿದೆ. ಮೊದಲನೇ ಸಲ ಟಕ್ ಟಕ್ ಅಂತು. ಮತ್ತ ಸ್ಟೆಮ್ ಸಡ್ಲ ಮಾಡಿ, ಮುಚ್ಚಳ ಕಾಲು ಸುತ್ತು ತಿರುವಿದೆ, ನಿಂತಿತು.

ನಿನ್ನೆ ಬರೂವಾಗ ನಾಂದೇಡ್ ಫಾಟಾ ದಾಟಿ ರಾಜಾರಾಮ್ ಪುಲ್ ತನಕಾ ಬೆರಳು ಆರಾಮ ಇದ್ವು, ಚಾದ ಕಪ್ಪೂ ಸುಮ್ಮನಿತ್ತು. ಆದ್ರ ಈಗ ನೆಟ್ಟಗ ಕೂಡೂದ್ರಿಂದ ಭಾರೆಲ್ಲ ಹಿಂದ ಬಂದು ಕುಂಡಿ ನೋಯ್ಲಿಕತ್ತದ. ಸೀಟು ಬದಲಸ್ಬೇಕೋ, ರೂಢಿ ಆಗ್ತದೋ?