ಅಕೌಸ್ಟಿಕ್ ನ್ಯೂರೋಮಾ: ರೆಟ್ರೋಸಿಗ್ಮಾಯ್ಡೋ, ಟ್ರಾನ್ಸ್‌ಲ್ಯಾಬೋ? ಮಾಡಿಸಿಕೊಂಡವರು ಹೇಳಿ

ಅಮ್ಮನ ಮಗಳು: ಅಮ್ಮನಿಗೆ 58 ವರ್ಷ, ಶುಗರ್ ಇದೆ. ಬಲಗಿವಿಯ ನರದ ಗಡ್ಡೆ (ಅದೇ ಅಕೌಸ್ಟಿಕ್ ನ್ಯೂರೋಮಾ) 2.6 ಸೆಂ.ಮೀ. ಆಗಿದೆ. ಒಬ್ಬ ಡಾಕ್ಟರು ಕಿವಿಯ ಹಿಂದಿನಿಂದ ರೆಟ್ರೋಸಿಗ್ಮಾಯ್ಡ್ ಮಾಡೋಣ ಅನ್ನುತ್ತಾರೆ, ಇನ್ನೊಬ್ಬರು ಒಳಗಿವಿಯ ಮೂಲಕ ಹೋಗುವ ಟ್ರಾನ್ಸ್‌ಲ್ಯಾಬ್. ಆ ಕಿವಿ ಅಲ್ಪಸ್ವಲ್ಪ ಕೇಳಿಸುತ್ತದೆ. ನೀವು ಯಾವುದು ಮಾಡಿಸಿದಿರಿ?

ತಿಪಟೂರು ಕೊಬ್ಬರಿ: ರೆಟ್ರೋಸಿಗ್ಮಾಯ್ಡೇ. ಎರಡನೇ ಯೋಚನೆ ಬೇಡ. ನನ್ನದು 1.8 ಇತ್ತು, 2017ರಲ್ಲಿ ಆಯಿತು. ಒಂಬತ್ತು ಗಂಟೆ ಟೇಬಲ್ ಮೇಲಿದ್ದೆ. ಗಡ್ಡೆಯ ಪಕ್ಕದಲ್ಲೇ ಇರುವ ಮುಖದ ನರಕ್ಕೆ ಏನೂ ಆಗಲಿಲ್ಲ, ಮುಖ ನೆಟ್ಟಗಿದೆ, ಕಿವಿಯೂ ಉಳಿದಿದೆ. ತಲೆನೋವು ಮಾತ್ರ ಎಂಟು ತಿಂಗಳು ಬಿಡಲಿಲ್ಲ. ಕೆಮ್ಮಿದರೆ ಹಿಂದಲೆಗೆ ಮೊಳೆ ಹೊಡೆದ ಹಾಗೆ. ಮೂಳೆ ಕೊರೆದ ಪುಡಿ ಒಳಗೆ ಉಳಿದರೂ ಹೀಗಾಗುತ್ತದೆ ಅಂದರು. ಅಂದಾಜು ಕೊಟ್ಟಿದ್ದು 4.5 ಲಕ್ಷ, ಬಿಲ್ಲು 6,84,210! ಮುಖದ ನರದ ಮಾನಿಟರ್ ಸೂಜಿಗಳಿಗೆ ಬೇರೆ ಚಾರ್ಜು. ಇನ್ಶೂರೆನ್ಸಿನವರು ಅದನ್ನು ಕೊಡಲೇ ಇಲ್ಲ.

ಒಂಟಿಕಿವಿ: ಕಿವಿ ಉಳಿದಿದೆ ಅಂದರೆ ಏನು ಸರ್? ಆ ಕಿವಿಗೆ ಫೋನ್ ಹಿಡಿದರೆ ಮಾತು ಅರ್ಥ ಆಗುತ್ತಾ? ಶಬ್ದ ಕೇಳುವುದು ಬೇರೆ, ಪದ ತಿಳಿಯುವುದು ಬೇರೆ. ನನ್ನದು ಟ್ರಾನ್ಸ್‌ಲ್ಯಾಬ್. ಒಳಗಿವಿಯನ್ನೇ ಕೊರೆದು ಹೋಗುವುದರಿಂದ ಕಿವಿ ಪೂರ್ತಿ ಹೋಗುತ್ತದೆ ಅಂತ ಗೊತ್ತಿದ್ದೇ ಸಹಿ ಹಾಕಿದೆ. ಚಿಕ್ಕ ಮೆದುಳನ್ನು ಸರಿಸುವ ಕೆಲಸ ಕಡಿಮೆ, ಮುಖದ ನರ ಬೇಗ ಕಣ್ಣಿಗೆ ಬೀಳುತ್ತದೆ. ಹೊಟ್ಟೆಯಿಂದ ಕೊಬ್ಬು ತೆಗೆದು ಆ ಗುಳಿಗೆ ತುಂಬಿದರು. ಒಂಬತ್ತನೇ ದಿನ ಚಪ್ಪಲಿ ಹಾಕಲು ಬಗ್ಗಿದೆ, ಮೂಗಿನಿಂದ ನೀರು ತೊಟತೊಟ. ನೆಗಡಿ ಅಂದುಕೊಂಡೆ. ಮೆದುಳಿನ ನೀರು! ಮತ್ತೆ ಅಡ್ಮಿಟ್. ಆ ನೀರು ಹೊರಗೆ ಹರಿಯಲು ಸೊಂಟಕ್ಕೆ ಡ್ರೈನ್ ಹಾಕಿ ಐದು ದಿನ ಅಂಗಾತ ಮಲಗಿಸಿದರು. ಇನ್ನೂ 1,12,000.

ತಿಪಟೂರು ಕೊಬ್ಬರಿ: ನೀರು ಸೋರಿಸಿಕೊಂಡವರು ನನಗೆ ಪಾಠ ಹೇಳುತ್ತೀರಾ? ಫೋನ್ ಆಪರೇಷನ್ ಆಗದ ಎಡಗಿವಿಗೆ ಹಿಡಿಯುತ್ತೇನೆ, ನಿಮಗೇನು ಕಷ್ಟ?

ಒಂಟಿಕಿವಿ: ಅಲ್ಲಿಗೆ ಉತ್ತರ ಸಿಕ್ಕಿತು ಬಿಡಿ.

ಗಾಮಾ ಭಟ್ಟ: ಸುಮ್ನೆ ಯಾಕೆ ತಲೆ ಕೊಯ್ಯಿಸಬೇಕು? ನಾನು ಕೊಯ್ಯದೆ ರೇಡಿಯೇಶನ್ ಕೊಡುವ ಗಾಮಾ ನೈಫ್ ಮಾಡಿಸಿದೆ. ಬೆಳಿಗ್ಗೆ ಹಣೆಗೆ ಫ್ರೇಮ್ ಬಿಗಿದರು, ಸಂಜೆ ಮನೆ. ಆರು ತಿಂಗಳ ಎಂಆರ್‌ಐನಲ್ಲಿ ಗಡ್ಡೆ ದೊಡ್ಡದಾಗಿ ಕಂಡು ಜೀವ ಬಾಯಿಗೆ ಬಂತು. ಅದು ಬರೀ ಊತ. ಈಗ ನಾಲ್ಕು ವರ್ಷವಾಯಿತು, ಬೆಳೆದಿಲ್ಲ.

ಒಂಟಿಕಿವಿ: ಬೆಳೆದರೆ? ರೇಡಿಯೇಶನ್ ಆದ ಗಡ್ಡೆ ನರಕ್ಕೆ ಅಂಟಿಕೊಂಡಿರಬಹುದು, ಬಿಡಿಸುವುದು ಇನ್ನೂ ಕಷ್ಟ. ಅದನ್ನೂ ಹೇಳಿ ಸ್ವಾಮಿ.

ಗಾಮಾ ಭಟ್ಟ: ಶಾಪ ಹಾಕಬೇಡಿ.

ಶಿರಸಿ ಅಕ್ಕ: ಜಗಳ ಬಿಡಿ. ನಮ್ಮ ಯಜಮಾನರದ್ದು ನಾಲ್ಕು ಸೆಂ.ಮೀ. ಗಡ್ಡೆ. ಪೂರ್ತಿ ತೆಗೆದುಬಿಡಿ ಅಂತ ನಾನೇ ಹಟ ಹಿಡಿದೆ. ತೆಗೆದರು. ಮುಖದ ನರವೂ ಸೋತಿತು. ಒಂದು ಬದಿ ಬಾಯಿ ಜೋತಿದೆ, ಕಣ್ಣು ಮುಚ್ಚುವುದಿಲ್ಲ. ಹಗಲು ಗಂಟೆಗೊಮ್ಮೆ ಡ್ರಾಪ್ಸ್, ರಾತ್ರಿ ಮುಲಾಮು ಹಚ್ಚಿ ಟೇಪು. ಡ್ರಾಪ್ಸ್ ತಿಂಗಳಿಗೆ 1,900. ಮೂರು ವರ್ಷದ ಲೆಕ್ಕ ಡೈರಿಯಲ್ಲಿದೆ. ನರಕ್ಕೆ ಅಂಟಿದ ಚೂರನ್ನು ಬಿಟ್ಟು ಆಮೇಲೆ ಸ್ಕ್ಯಾನ್‌ನಲ್ಲಿ ನೋಡಿಕೊಳ್ಳುವವರಿದ್ದಾರೆ ಅಂತ ಆಮೇಲೆ ತಿಳಿಯಿತು. ಆ ಹಟ ಈಗಲೂ ನುಂಗಲು ಆಗುತ್ತಿಲ್ಲ.

ಪಾಲಿಸಿ ಪಂಡಿತ: ಇನ್ಶೂರೆನ್ಸಿನ ರೂಮ್ ಬಾಡಿಗೆ ಮಿತಿ ನೋಡಿಕೊಂಡಿರಾ? ನನಗೆ ದಿನಕ್ಕೆ 5,000 ಮಿತಿ, 8,000ದ ರೂಮ್ ತೆಗೆದುಕೊಂಡೆ. ಸರ್ಜನ್ ಫೀಸನ್ನೂ ಅದೇ ಲೆಕ್ಕದಲ್ಲಿ ಕತ್ತರಿಸಿದರು!

ತಿಪಟೂರು ಕೊಬ್ಬರಿ: ಪಾಲಿಸಿ ಓದದೆ ಸಹಿ ಹಾಕಿದ್ದು ಯಾರ ತಪ್ಪು?

ಪಾಲಿಸಿ ಪಂಡಿತ: ನೀವು ಸೂಜಿ ದುಡ್ಡಿಗೆ ಅತ್ತಿದ್ದು ಮರೆತುಹೋಯಿತಾ?

ಅಮ್ಮನ ಮಗಳು: ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಶುಗರ್ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಡಾಕ್ಟರನ್ನೇ ಕೇಳುತ್ತೇನೆ. ಅಮ್ಮ ಕೇಳುತ್ತಿರುವುದು ಒಂದೇ: ಕೂದಲು ಎಷ್ಟು ಬೋಳಿಸುತ್ತಾರೆ?

ತಿಪಟೂರು ಕೊಬ್ಬರಿ: ಕಿವಿ ಹಿಂದೆ ಮೂರು ಬೆರಳಷ್ಟು, ಅಷ್ಟೇ.

ಒಂಟಿಕಿವಿ: ಮೂರು ಬೆರಳಂತೆ! ನನಗೆ ಅರ್ಧ ತಲೆ ಬೋಳಿಸಿದ್ದರು.