ಗೇಮ್ ಆಡುವಾಗ ಮಾತ್ರ ಪಿಸಿ ರೀಸ್ಟಾರ್ಟ್ ಆಗುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಡೆಸ್ಕ್‌ಟಾಪ್ ಗೇಮ್ ಆಡುವಾಗ ಮಾತ್ರ ಕೈ ಕೊಡುತ್ತಿದೆ. ಬ್ರೌಸಿಂಗ್, ವಿಡಿಯೋ ಎಲ್ಲಾ ಆರಾಮಾಗಿ ನಡೆಯುತ್ತದೆ. ದೊಡ್ಡ ಗೇಮ್ ಶುರುವಾಗಿ ಸ್ವಲ್ಪ ಹೊತ್ತಾದರೆ ಸಾಕು, ಸ್ಕ್ರೀನ್ ಕಪ್ಪಾಗಿ ತಾನಾಗೇ ರೀಸ್ಟಾರ್ಟ್. ನೀಲಿ ಸ್ಕ್ರೀನೂ ಬರುವುದಿಲ್ಲ. ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಮಾತ್ರ ಇದೆ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುತ್ತದೆಯೇ ಹೊರತು ಅದು ಕಾರಣ ಹೇಳುವುದಿಲ್ಲ, ಅಲ್ವಾ?

ಮೊದಲು ಬಿಸಿ ಜಾಸ್ತಿ ಅಂದುಕೊಂಡೆ. ಧೂಳು ತೆಗೆದು ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. ಆಡುವಾಗ ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಚಿಪ್) 72 ಡಿಗ್ರಿ ದಾಟುವುದಿಲ್ಲ. ಡ್ರೈವರ್ ಹೊಸದಾಗಿ ಹಾಕಿದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಿದೆ, ಎರರ್ ಇಲ್ಲ. ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸುವ ಸೆಟ್ಟಿಂಗ್) ಆಫ್ ಮಾಡಿದರೂ ಅದೇ ಕಥೆ.

ಆದರೆ ಜಿಪಿಯು ಪವರ್ ಲಿಮಿಟ್ 70 ಪರ್ಸೆಂಟ್‌ಗೆ ಇಳಿಸಿ, ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) 60ಕ್ಕೆ ಕಟ್ಟಿಹಾಕಿದರೆ ಏನೂ ಆಗುವುದಿಲ್ಲ! ಅದಕ್ಕೇ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಮೇಲೆ ನನ್ನ ಅನುಮಾನ. ಕಾರ್ಡ್ ಕ್ಷಣಮಾತ್ರ ಜಾಸ್ತಿ ಪವರ್ ಎಳೆದಾಗ ಈ ಹಳೆಯ 550 ವ್ಯಾಟ್‌ನದ್ದು ತಡೆಯುತ್ತಿಲ್ಲವೇನೋ. ಕಾರ್ಡಿನ ಎರಡೂ 8 ಪಿನ್ ಸಾಕೆಟ್‌ಗೆ ಈಗ ಒಂದೇ ಕೇಬಲ್‌ನಿಂದ ಕವಲೊಡೆದ ಎರಡು ಕನೆಕ್ಟರ್ ಹಾಕಿದೆ. ಬೇರೆ ಬೇರೆ ಕೇಬಲ್ ಹಾಕಿದರೆ ಸರಿಹೋಗಬಹುದಾ, ಅಥವಾ ಎಸ್‌ಎಂಪಿಎಸ್ ಬದಲಿಸಲೇಬೇಕಾ? ಸುಮ್ನೆ ಕಾರ್ಡ್ ಬದಲಿಸುವ ಮುಂಚೆ ಗೊತ್ತಿರುವವರು ದಯವಿಟ್ಟು ತಿಳಿಸಿ.