ಮೆಟಡೋರ್‌ನಲ್ಲಿ ನಾಲ್ಕು ಮಕ್ಕಳ ಕಾರ್ ಸೀಟು ಕೂರಿಸುವುದು ಹೇಗೆ?

ಮುತ್ಯಾನ_ಮೆಟಡೋರ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರಿ.

ನಮ್ಮಪ್ಪನ ಹತ್ತಿರ 1987ರ ಬಜಾಜ್ ಟೆಂಪೋ ಮೆಟಡೋರ್ ಇದೆ. ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದಾಗ ಕೊಂಡಿದ್ದು. ವ್ಯಾಪಾರ ಬಿಟ್ಟ ಮೇಲೆ ಅದರೊಳಗೆ ಮಂಚ, ಕಪಾಟು, ಸಣ್ಣ ಅಡುಗೆ ಕಟ್ಟೆ ಮಾಡಿಸಿದರು. ಅವ್ವ, ಅಪ್ಪ ಇಬ್ಬರೂ ಅದರಲ್ಲೇ ಗಾಣಗಾಪುರ, ಬಸವಕಲ್ಯಾಣ, ಪಂಢರಪುರ ಎಲ್ಲ ತಿರುಗಿ ಬಂದಿದ್ದಾರೆ. ಈಗ ಅಪ್ಪನಿಗೆ ಕಣ್ಣು ಮಂಜು. ಗಾಡಿ ನಾನೇ ಓಡಿಸುತ್ತೇನೆ.

ಕಳೆದ ಶ್ರಾವಣದಲ್ಲಿ ಹುಮನಾಬಾದ್ ರಸ್ತೆಯಲ್ಲಿ ಒಂದು ಎಮ್ಮೆ ಅಡ್ಡ ಬಂತು. 40ರ ವೇಗ ಇದ್ದಿರಬೇಕು, ಅಷ್ಟೇ. ಬ್ರೇಕ್ ತುಳಿದೆ. ಹಿಂದೆ ಬೆಂಚಿನ ಮೇಲೆ ಕೂತಿದ್ದ ನನ್ನ ಮಗ ಜಾರಿಕೊಂಡು ಬಂದು ಕಪಾಟಿನ ಮೂಲೆಗೆ ಬಡಿದ. ಗದ್ದಕ್ಕೆ ನಾಲ್ಕು ಹೊಲಿಗೆ ಬಿತ್ತು. ಅವತ್ತಿನಿಂದ ಮಕ್ಕಳನ್ನು ಆ ಗಾಡಿಗೆ ಹತ್ತಿಸಿಲ್ಲ.

ಆದರೆ ಎಳ್ಳ ಅಮಾವಾಸ್ಯೆ ಬರುತ್ತಿದೆ. ನಮ್ಮ ಹೊಲ ಆಳಂದ ಕಡೆ, ಮನೆಯಿಂದ 46 ಕಿ.ಮೀ. ಭಜ್ಜಿ, ಕಡುಬು, ಸಜ್ಜೆ ರೊಟ್ಟಿ ಕಟ್ಟಿಕೊಂಡು ಎಲ್ಲರೂ ಮುತ್ಯಾನ ಗಾಡಿಯಲ್ಲೇ ಹೋಗಿ ಚರಗ ಚೆಲ್ಲುವುದು (ಹೊಲಕ್ಕೆ ಎಡೆ ಹರಡುವುದು) ನಮ್ಮ ಮನೆಯ ಪದ್ಧತಿ. ಮಕ್ಕಳು ದಿನಾ ಕೇಳುತ್ತಾರೆ.

ಮಕ್ಕಳು ನಾಲ್ವರು. ನನ್ನ ಮಗಳಿಗೆ 9 ವರ್ಷ, ಎತ್ತರ 128 ಸೆಂ.ಮೀ. ಮಗನಿಗೆ 3 ವರ್ಷ, 14 ಕಿಲೋ. ಅಣ್ಣನ ಮಗಳಿಗೆ 6 ವರ್ಷ, 19 ಕಿಲೋ. ಅವಳ ತಮ್ಮ ಹತ್ತು ತಿಂಗಳ ಕೂಸು, 8 ಕಿಲೋ.

ಗಾಡಿಯ ಒಳಗೆ ಹೀಗಿದೆ: ಮುಂದೆ ಎರಡು ಸೀಟು, ಎರಡಕ್ಕೂ ಬೆಲ್ಟ್ ಇದೆ. ಹಿಂದೆ ಎರಡೂ ಗೋಡೆಗೆ ಉದ್ದ ಬೆಂಚು, ಎದುರುಬದುರು ಕೂರುವುದು. ಬೆಂಚಿಗೆ ಬೆಲ್ಟ್ ಇಲ್ಲ. ಕೊನೆಯಲ್ಲಿ ಮಂಚ. ಪ್ಲೈವುಡ್ ಹೊಡೆದ ಮೇಲೆ ಗೋಡೆಯಿಂದ ಗೋಡೆಗೆ 158 ಸೆಂ.ಮೀ. ಉಳಿದಿದೆ. ಹತ್ತುವ ಬಾಗಿಲು ಎಡಕ್ಕೆ.

ಒಂದು ಅಂಗಡಿಯಲ್ಲಿ ಕೇಳಿದೆ. "ಬೆಂಚಿಗೇ ಹಗ್ಗ ಹಾಕಿ ಕಟ್ಟಿ, ನಡೆಯುತ್ತದೆ" ಅಂದರು. ನನಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಒಂದು ಸಾಲಿನಲ್ಲಿ ಮೂರು ಸೀಟು, ಮುಂದಿನ ಸೀಟಿನ ಮೇಲೆ ಕೂಸು, ಹೀಗೆ ಮಾಡಬಹುದಾ? ಇಂಥ ಹಳೆಯ ಗಾಡಿಯಲ್ಲಿ ಯಾರಾದರೂ ಮಾಡಿಸಿದ್ದರೆ ದಯವಿಟ್ಟು ಹೇಳಿ. ಅವ್ವ ಮಾತ್ರ "ನೀವೆಲ್ಲ ಹತ್ತು ಮಂದಿ ಅದೇ ಬೆಂಚಿನ ಮೇಲೆ ಕೂತು ದೊಡ್ಡವರಾದಿರಿ" ಅನ್ನುತ್ತಾಳೆ. ಅವಳಿಗೆ ಏನು ಹೇಳಬೇಕೋ ಅದೂ ಗೊತ್ತಾಗುತ್ತಿಲ್ಲ.

ಬಾಡಿ_ಮಿಸ್ತ್ರಿ (ಬೀದರ್)

ನಮಸ್ಕಾರ್ರಿ ಅಕ್ಕಾ. ನಾನು ವ್ಯಾನು, ಮಿನಿಬಸ್ಸಿನ ಬಾಡಿ ಕೆಲಸ ಮಾಡುವವನು. ಅಂಗಡಿಯವರ ಮಾತು ಕೇಳಲಿಲ್ಲ, ಒಳ್ಳೆಯದೇ ಮಾಡಿದಿರಿ.

ಮೊದಲು ಬೆಂಚಿನ ವಿಷಯ. ಅಡ್ಡ ಮುಖ ಮಾಡಿದ ಬೆಂಚಿನ ಮೇಲೆ ಮಕ್ಕಳ ಕಾರ್ ಸೀಟು ಕೂರಿಸಲೇಬಾರದು. ಬೆಲ್ಟ್ ಹಾಕಿಸಿದರೂ ಬೇಡ. ಆ ಸೀಟುಗಳನ್ನು ಮಾಡಿರುವುದು ಗಾಡಿ ಮುಂದಕ್ಕೆ ಹೋಗುವಾಗ ಬೀಳುವ ಹೊಡೆತ ತಡೆಯುವುದಕ್ಕೆ. ಪಕ್ಕಕ್ಕೆ ತಿರುಗಿಸಿ ಇಟ್ಟರೆ ಅದೇ ಹೊಡೆತ ಮಗುವಿನ ಕುತ್ತಿಗೆಗೆ ಅಡ್ಡಲಾಗಿ ಬೀಳುತ್ತದೆ. ಗಾಡಿಯ ಸೀಟು ಮುಂದೆ ನೋಡುತ್ತಿರಬೇಕು. ಅದರ ಮೇಲೆ ಕೂಸಿನ ಸೀಟನ್ನು ಮಾತ್ರ ಹಿಂದೆ ಮುಖ ಮಾಡಿ ಇಡುತ್ತಾರೆ.

ಎರಡನೆಯದು, ಕೂಸನ್ನು ಮುಂದಿನ ಸೀಟಿನಲ್ಲಿ ಕೂರಿಸುವುದು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಮುಂದೆ ಕೂಸಿನ ಸೀಟು ಬೇಡ ಅನ್ನುತ್ತಾರೆ, ಏರ್‌ಬ್ಯಾಗ್ ಸಿಡಿದರೆ ಸೀಟಿನ ಬೆನ್ನಿಗೇ ಹೊಡೆಯುತ್ತದೆ ಅಂತ. ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ನಿಜ. ಆದರೂ ಬೇಡ ಅಕ್ಕಾ. ಇಂಥ ಗಾಡಿಯಲ್ಲಿ ಮುಂದೆ ಕೂತವರ ಮೊಣಕಾಲಿನ ಮುಂದೆ ಇರುವುದು ಒಂದು ತಗಡು. ಉದ್ದ ಮೂತಿಯ ಕಾರಿನ ಹಾಗೆ ಮೊದಲು ನಜ್ಜುಗುಜ್ಜಾಗಿ ಹೊಡೆತ ಕಡಿಮೆ ಮಾಡುವ ಜಾಗವೇ ಇಲ್ಲ.

ಈಗ ಅಳತೆ. ಸಾಧಾರಣ ಕಾರ್ ಸೀಟು 44 ಸೆಂ.ಮೀ. ಅಗಲ. ಮೂರು ಸೇರಿದರೆ 132. ನಿಮ್ಮ 158ರಲ್ಲಿ ಬಾಗಿಲ ಹತ್ತಿರ ಉಳಿಯುವುದು 26. ಅಷ್ಟರಲ್ಲಿ ದೊಡ್ಡವರು ಮಗುವನ್ನು ಎತ್ತಿಕೊಂಡು ದಾಟುವುದು ಆಗದು. ಬಕಲ್ ಹಾಕಲು ಕೈ ಇಳಿಯುವ ಸಂದೂ ಸಿಗುವುದಿಲ್ಲ. ಹಾಗಾಗಿ ಎರಡು, ಎರಡು. ಬಲಗೋಡೆಗೆ ಒತ್ತಿ ಇಬ್ಬರ ಸೀಟು, ಅದರ ಹಿಂದೆ ಇನ್ನೊಂದು ಇಬ್ಬರ ಸೀಟು. ಮಂಚ ಅರ್ಧ ಹೋಗುತ್ತದೆ. ಅಪ್ಪನವರಿಗೆ ಬೇಜಾರಾಗಬಹುದು.

ಎಲ್ಲಕ್ಕಿಂತ ದೊಡ್ಡ ಮಾತು ಇದು. ಸೀಟು ಎಷ್ಟು ಹಿಡಿಯುತ್ತವೆ ಅಂತ ಎಣಿಸಬೇಡಿ. ಬೆಲ್ಟಿನ ಬೇರು, ಅಂದರೆ ಬೆಲ್ಟನ್ನು ಗಾಡಿಗೆ ಬಿಗಿಯುವ ಜಾಗಗಳು, ಎಷ್ಟು ಗಟ್ಟಿ ಕೂರುತ್ತವೆ ಅಂತ ಎಣಿಸಿ. 50ರ ವೇಗದಲ್ಲಿ ಗುದ್ದಿದರೆ 10 ಕಿಲೋ ಮಗು ಆ ಒಂದು ಕ್ಷಣ ಒಂದು ಕ್ವಿಂಟಲ್‌ಗಿಂತ ಜಾಸ್ತಿ ಎಳೆಯುತ್ತದೆ. ತೊಗರಿ ಚೀಲ ಎತ್ತಿದ ಮನೆಯವರು ನೀವು, ಕ್ವಿಂಟಲ್ ಅಂದರೆ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ. ಅವ್ವನವರಿಗೂ ಇದನ್ನೇ ಹೇಳಿ. ತೊಡೆಯ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಅನ್ನುವುದು ಯಾರ ಕೈಯಲ್ಲೂ ಆಗುವ ಕೆಲಸ ಅಲ್ಲ.

ಅಷ್ಟು ಎಳೆತವನ್ನು ಪ್ಲೈವುಡ್ಡಾಗಲಿ ನೆಲದ ತೆಳು ತಗಡಾಗಲಿ ತಡೆಯುವುದಿಲ್ಲ. ಬೋಲ್ಟು ವಾಷರ್ ಸಮೇತ ತಗಡನ್ನು ಹರಿದುಕೊಂಡು ಬರುತ್ತದೆ. ಬೆಲ್ಟಿನ ಬೋಲ್ಟು ಚಾಸಿಗೆ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ) ಅಥವಾ ನೆಲದಡಿಯ ಅಡ್ಡ ಪಟ್ಟಿಗೆ ಹೋಗಬೇಕು. ತಗಡಿನಲ್ಲಿ ಬರಲೇಬೇಕಾದ ಕಡೆ ಅಡಿಯಿಂದ ಅಂಗೈ ಅಗಲದ ದಪ್ಪ ಉಕ್ಕಿನ ಪ್ಲೇಟು ಬೇಕು. ಬೋಲ್ಟು ಬೆಲ್ಟಿಗೆಂದೇ ಬರುವುದು, 7/16 ಇಂಚಿನದು. ಪೇಟೆಯಲ್ಲಿ ಸಿಗುವ ಮೆತ್ತನೆಯ ಬೋಲ್ಟು ಹಾಕಬೇಡಿ, ಆ ಗಟ್ಟಿ ಬೋಲ್ಟಿಗೆ ವೆಲ್ಡಿಂಗ್ ಮಾಡಿಸಲೂ ಬೇಡಿ. ಕಾವಿಗೆ ಅದರ ಗಟ್ಟಿತನ ಹೋಗುತ್ತದೆ. ರಂಧ್ರ ಹೊಡೆಯುವ ಮುಂಚೆ ಅಡಿಯಲ್ಲಿ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು ಎಲ್ಲಿವೆ ನೋಡಬೇಕು.

ಇನ್ನೂ ಒಳ್ಳೆಯ ದಾರಿ ಇದೆ. ಸೊಂಟಕ್ಕೂ ಭುಜಕ್ಕೂ ಬರುವ ಮೂರು ಬಿಂದುವಿನ ಬೆಲ್ಟ್ ಸೀಟಿನ ಬೆನ್ನಿನೊಳಗೇ ಕೂಡಿಸಿ ಬರುವ ಸೀಟುಗಳಿವೆ. ಅಂಥ ಎರಡು ಜೋಡಿ ಸಿಕ್ಕರೆ ಭುಜದ ಬೆಲ್ಟಿಗೆ ಗೋಡೆಯಲ್ಲಿ ಜಾಗ ಹುಡುಕುವ ತಲೆನೋವಿಲ್ಲ. ಆದರೆ ಪೂರಾ ಎಳೆತ ನೆಲಕ್ಕೇ ಬೀಳುವುದರಿಂದ ಅಡಿಯ ಕೆಲಸ ಇನ್ನೂ ಗಟ್ಟಿ ಆಗಬೇಕು. ಗುಜರಿಯಿಂದ ಹಳೆಯ ಬೆಲ್ಟ್ ಮಾತ್ರ ತರಬೇಡಿ. ಒಮ್ಮೆ ಅಪಘಾತದಲ್ಲಿ ಎಳೆದ ಬೆಲ್ಟ್ ಹೊರಗಿನಿಂದ ಹೊಸದರ ಹಾಗೇ ಕಾಣುತ್ತದೆ.

ಗಾಡಿಯ ಅಡಿಯ ಫೋಟೋ ಹಾಕಿ. ಜಂಗು ತಿಂದಿದ್ದರೆ ಬೇಡ ಅಂತ ನೇರವಾಗಿ ಹೇಳುತ್ತೇನೆ.

ಎರಡು_ಮಕ್ಕಳ_ಅವ್ವ (ಯಾದಗಿರಿ)

ಅಕ್ಕಾ, ನಿಮ್ಮ ಮಗನ ಗದ್ದದ ವಿಷಯ ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ನಾನು ಮಕ್ಕಳ ಕಡೆಯಿಂದ ಹೇಳುತ್ತೇನೆ.

ಕೂಸು ಹಿಂದೆ ಮುಖ ಮಾಡಿಯೇ ಕೂರಬೇಕು. ಆ ವಯಸ್ಸಿನಲ್ಲಿ ತಲೆ ಭಾರ, ಕುತ್ತಿಗೆ ಮೆತ್ತಗೆ. ಯುರೋಪಿನ ಹೊಸ ನಿಯಮದಲ್ಲಿ ಕಡಿಮೆ ಅಂದರೂ 15 ತಿಂಗಳವರೆಗೆ ಹಾಗೆ. ಅದಕ್ಕಿಂತ ಜಾಸ್ತಿ ದಿನ ಕೂರಿಸಿದರೆ ಇನ್ನೂ ಒಳ್ಳೆಯದು. ಮೂರು ವರ್ಷದವನಿಗೆ ಐದು ಕಡೆ ಪಟ್ಟಿ ಇರುವ ಸೀಟು. ಇಬ್ಬರು ಹುಡುಗಿಯರಿಗೂ ಬೆನ್ನಿರುವ ಬೂಸ್ಟರ್, ಅಂದರೆ ಗಾಡಿಯ ಬೆಲ್ಟ್ ಸರಿಯಾದ ಜಾಗಕ್ಕೆ ಬರುವ ಹಾಗೆ ಮಗುವನ್ನು ಎತ್ತರಿಸುವ ಸೀಟು. 9 ವರ್ಷ ಆಯಿತಲ್ಲ, ಬೂಸ್ಟರ್ ಯಾಕೆ ಅನಿಸಬಹುದು. 128 ಸೆಂ.ಮೀ.ಗೆ ದೊಡ್ಡವರ ಬೆಲ್ಟ್ ಹೊಟ್ಟೆಯ ಮೇಲೂ ಕುತ್ತಿಗೆಯ ಮೇಲೂ ಬರುತ್ತದೆ. ಸೊಂಟದ ಪಟ್ಟಿ ತೊಡೆಯ ಬುಡದಲ್ಲಿ, ಇನ್ನೊಂದು ಪಟ್ಟಿ ಭುಜದ ನಡುವೆ ಬರಬೇಕು. ಬೂಸ್ಟರ್‌ಗೆ ಮೂರು ಬಿಂದುವಿನ ಬೆಲ್ಟೇ ಬೇಕು. ಬರೀ ಸೊಂಟದ ಬೆಲ್ಟ್‌ನಲ್ಲಿ ಬೂಸ್ಟರ್ ಇಟ್ಟರೆ ಮೇಲಿನ ಮೈ ಮಡಚಿಕೊಂಡು ಮುಂದಕ್ಕೆ ಹೋಗುತ್ತದೆ.

ಐಸೋಫಿಕ್ಸ್ (ಮಕ್ಕಳ ಸೀಟು ಸಿಕ್ಕಿಸಲು ಹೊಸ ಕಾರುಗಳಲ್ಲಿ ಬರುವ ಕಂಬಿ) ಇಲ್ಲ ಅಂತ ಚಿಂತೆ ಬೇಡ. ಬೆಲ್ಟ್‌ನಿಂದ ಕಟ್ಟುವ ಸೀಟು ಸರಿಯಾಗಿ ಕಟ್ಟಿದರೆ ಸಾಕು. ಯಾರೋ ಎರಡು ಕಂಬಿ ವೆಲ್ಡ್ ಮಾಡಿ ಐಸೋಫಿಕ್ಸ್ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಕೊಳ್ಳುವಾಗ ಸೀಟಿನ ಮೇಲೆ ಕಿತ್ತಳೆ ಬಣ್ಣದ ಚೀಟಿ, ಅದರಲ್ಲಿ ಸುತ್ತಿನೊಳಗೆ 'ಇ' ಗುರುತು ಇದೆಯಾ ನೋಡಿ. ಯಾರದೋ ಮನೆಯ ಹಳೆಯ ಸೀಟು, ಅದರ ಚರಿತ್ರೆ ಗೊತ್ತಿಲ್ಲದಿದ್ದರೆ ತೆಗೆದುಕೊಳ್ಳಬೇಡಿ.

ಕೂಸಿನ ಸೀಟಿಗೆ ಬೆಲ್ಟ್ ತುಂಬಾ ಉದ್ದ ಬೇಕಾಗುತ್ತದೆ. ನನ್ನ ಮಾವನವರ ಹಳೆಯ ಓಮ್ನಿಯಲ್ಲಿ ಬೆಲ್ಟ್ ಸುತ್ತು ಹಾಕಲು ಒಂದು ಗೇಣು ಸಾಲಲಿಲ್ಲ. ಹಾಗಾಗಿ ಮೊದಲು ಗಾಡಿಯಲ್ಲಿ ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ. ಕಟ್ಟಿದ ಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಜಾಸ್ತಿ ಸರಿಯಬಾರದು.

ಎಳ್ಳ ಅಮಾವಾಸ್ಯೆ ಅಂದರೆ ಬೆಳಗಿನ ಚಳಿ. ಎಲ್ಲರೂ ಮಕ್ಕಳಿಗೆ ದಪ್ಪ ಸ್ವೆಟರ್ ಹಾಕಿ ಅದರ ಮೇಲೆ ಪಟ್ಟಿ ಬಿಗಿಯುತ್ತಾರೆ. ಗುದ್ದಿದಾಗ ಸ್ವೆಟರ್ ಅಪ್ಪಚ್ಚಿಯಾಗಿ ಪಟ್ಟಿ ಸಡಿಲ ಆಗುತ್ತದೆ. ಸ್ವೆಟರ್ ತೆಗೆದು ಪಟ್ಟಿ ಬಿಗಿದು, ಮೇಲೆ ಕೌದಿ ಹೊದಿಸಿ. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ಬರಬಾರದು, ಅಷ್ಟು ಬಿಗಿ ಇರಬೇಕು.

ಇನ್ನೊಂದು ಕೇಳಲಾ? ನಾಲ್ಕೂ ಮಕ್ಕಳು ಒಂದೇ ಗಾಡಿಯಲ್ಲಿ ಹೋಗಲೇಬೇಕಾ? ನೀವು ಗಾಡಿ ಓಡಿಸುತ್ತೀರಿ. ನಾಲ್ಕು ಸೀಟಿನಲ್ಲೂ ಮಕ್ಕಳೇ ಇದ್ದರೆ ಕೂಸು ಅತ್ತಾಗ ಪಕ್ಕದಲ್ಲಿ ಯಾರಿರುತ್ತಾರೆ?

ಆರ್‌ಟಿಓ_ಕಾಗದ_ಬಲ್ಲ_ಕಾಕಾ (ಕಲಬುರಗಿ)

ತಂಗಿ, ಕಾಗದದ ಕಡೆಯೂ ಗಮನ ಕೊಡವ್ವ. ಸೀಟುಗಳ ಸಂಖ್ಯೆ ಆರ್‌ಸಿಯಲ್ಲಿ ಬರೆದಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅದರಲ್ಲಿ ಬರೆದದ್ದನ್ನು ಬದಲಿಸುವಂಥ ಕೆಲಸ ಇದ್ದರೆ ಮೊದಲು ಆರ್‌ಟಿಓ ಅನುಮತಿ ಪಡೆಯಬೇಕು. ಮಾಡಿಸಿ ಆಮೇಲೆ ಕೇಳುವುದಲ್ಲ. ಸೀಟಿನ ನಕ್ಷೆ, ಫೋಟೋ ತೆಗೆದುಕೊಂಡು ಹೋಗು. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸು.

2019ರ ತಿದ್ದುಪಡಿಯಲ್ಲಿ 194ಬಿ ಅಂತ ಸೇರಿದೆ. 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕೂರಿಸಿಕೊಂಡು ಓಡಿಸಿದರೆ 1000 ರೂಪಾಯಿ ದಂಡ. ನಿನ್ನ ಗಾಡಿಯನ್ನು ಕೆಲವರು ವಿಂಟೇಜ್ ಅನ್ನಬಹುದು. ಕೇಂದ್ರದ ನಿಯಮದಲ್ಲಿ ವಿಂಟೇಜ್ ಅನಿಸಿಕೊಳ್ಳಲು 50 ವರ್ಷ ದಾಟಬೇಕು, ಹಾಗೆ ನೋಂದಣಿ ಆದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗೂ ಇಲ್ಲ. ನಿನ್ನದು ಮಾಮೂಲಿ ನೋಂದಣಿಯಲ್ಲೇ ಇರಲಿ.

ಮುತ್ಯಾನ_ಮೆಟಡೋರ್ (ಕಲಬುರಗಿ)

ಮೂವರಿಗೂ ಕೈಮುಗಿಯುತ್ತೇನೆ. ಐದು ವಾರ ಆಯಿತು, ಏನೇನಾಯಿತು ಅಂತ ಬರೆಯಬೇಕು.

ಅಡಿಯ ಫೋಟೋ ಮಿಸ್ತ್ರಿ ಅಣ್ಣಾವ್ರಿಗೆ ಕಳಿಸಿದೆ. ಎಡಬದಿಯ ಅಡ್ಡ ಪಟ್ಟಿ ಒಂದು ಜಂಗು ತಿಂದಿತ್ತು. ಅದನ್ನು ಕತ್ತರಿಸಿ ಹೊಸದು ಹಾಕುವವರೆಗೆ ಬೇರೆ ಯಾವ ಕೆಲಸವನ್ನೂ ಅವರು ಮುಟ್ಟಲಿಲ್ಲ. ಆರ್‌ಟಿಓ ಅನುಮತಿಗೆ ಮೂರು ಸಲ ಓಡಾಡಿದೆ, ಸಿಕ್ಕಿತು. ಈಗ ಬೆಲ್ಟ್ ಕೂಡಿಸಿದ ಇಬ್ಬರ ಸೀಟು ಎರಡು ಜೋಡಿ ಕೂತಿವೆ. ಎರಡೂ ಮುಂದೆ ನೋಡುತ್ತವೆ. ಬೆಂಚು ತೆಗೆಸುವಾಗ ಅಪ್ಪ ಹೊರಗೆ ಬಂದು ನಿಂತು ನೋಡಿದರು. ಮಂಚ ಅರ್ಧ ಆಗುತ್ತದಪ್ಪಾ ಅಂದೆ. "ನನ್ನ ಮಂಚದ ಚಿಂತೆ ಬಿಡು, ಮೊಮ್ಮಗನ ಗದ್ದ ನೋಡಿದ್ದೇನೆ" ಅಂದರು.

ಯಾದಗಿರಿ ತಂಗಿಯ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಅಣ್ಣನ ಕಾರಿನಲ್ಲಿ ಹಿಂದೆ ಒಳ್ಳೆಯ ಬೆಲ್ಟ್ ಇದೆ. ಕೂಸು ಅದರಲ್ಲೇ ಬರಲಿ, ಪಕ್ಕದಲ್ಲಿ ವೈನಿ ಕೂರಲಿ ಅಂತ ಆಯಿತು. ಮೆಟಡೋರ್‌ನಲ್ಲಿ ಮೂವರು ಮಕ್ಕಳು. ನಾಲ್ಕನೇ ಸೀಟು ಅವ್ವನಿಗೆ, ನನ್ನ ಮಗನ ಪಕ್ಕದಲ್ಲಿ. ಅವ್ವನಿಗೆ ಕ್ವಿಂಟಲ್ ಲೆಕ್ಕ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ನಿಂತ ಗಾಡಿಯಲ್ಲೇ ಕೂತು, ಬಕಲ್ ಹಾಕುವುದು ತೆಗೆಯುವುದು ಕಲಿಯುತ್ತಿದ್ದಳು. ಸೀರೆಯ ಸೆರಗು ಬೆಲ್ಟಿನ ಅಡಿ ಸಿಗದ ಹಾಗೆ ಹೇಗೆ ಕೂರಬೇಕು ಅಂತ ಅವಳೇ ಕಂಡುಕೊಂಡಳು.

ಅಡುಗೆ ಕಟ್ಟೆ ಇದೆ, ಗ್ಯಾಸ್ ಸಿಲಿಂಡರ್ ಇಳಿಸಿಬಿಟ್ಟೆ. ಹೊಲದಲ್ಲಿ ಹೇಗೂ ಕಟ್ಟಿಕೊಂಡು ಹೋದ ಬುತ್ತಿಯೇ ಉಣ್ಣುವುದು. ಕಪಾಟಿನ ಬಾಗಿಲಿಗೆ ಚಿಲಕ ಹಾಕಿಸಿದೆ, ಮೂಲೆಗಳನ್ನು ದುಂಡಗೆ ಕೊಯ್ಸಿ ರಬ್ಬರ್ ಹೊಡೆಸಿದೆ. 20 ಲೀಟರ್ ನೀರಿನ ಕ್ಯಾನ್ ಅಂದರೆ 20 ಕಿಲೋ ಭಾರ ಹಾರಿ ಬಂದ ಹಾಗೆ ಅಂತ ಈಗ ಗೊತ್ತಾಗಿದೆ. ಅದು, ರೊಟ್ಟಿ ಬುಟ್ಟಿ, ಅಂಬಲಿ ಗಡಿಗೆ ಎಲ್ಲಾ ಹಿಂದೆ ಮಂಚದ ಕೆಳಗೆ, ಪಟ್ಟಿ ಬಿಗಿದು.

ನಿನ್ನೆ ಮೂವರನ್ನೂ ಕೂರಿಸಿಕೊಂಡು ರಿಂಗ್ ರೋಡ್ ಒಂದು ಸುತ್ತು ಹಾಕಿದೆ. ಖಾಲಿ ಜಾಗದಲ್ಲಿ ಬೇಕಂತಲೇ 20ರ ವೇಗದಲ್ಲಿ ಬ್ರೇಕ್ ಹಾಕಿ ನೋಡಿದೆ. ಯಾರೂ ಜರುಗಲಿಲ್ಲ. ಮಗನ ಸೀಟು ಮಾತ್ರ ತಿರುವಿನಲ್ಲಿ ಮೇಲ್ಭಾಗ ಸ್ವಲ್ಪ ವಾಲುತ್ತದೆ. ಅದರ ಬೆನ್ನಿನಿಂದ ಒಂದು ಪಟ್ಟಿ, ತುದಿಗೆ ಕೊಕ್ಕೆ ಬಂದಿದೆ. ಅದನ್ನು ಮಂಚದ ಕಾಲಿಗೆ ಸಿಕ್ಕಿಸಬಹುದಾ ಅಣ್ಣಾ?

ಬಾಡಿ_ಮಿಸ್ತ್ರಿ (ಬೀದರ್)

ಮಂಚದ ಕಾಲಿಗೆ ಬೇಡ ಅಕ್ಕಾ, ಅದು ಮರ. ಆ ಪಟ್ಟಿ ಸೀಟಿನ ಮೇಲ್ಭಾಗ ಮುಂದಕ್ಕೆ ಬಾಗದ ಹಾಗೆ ತಡೆಯುವುದಕ್ಕೆ ಇರುವುದು, ಅದಕ್ಕೂ ಚಾಸಿಯದೇ ಬೇರು ಬೇಕು. ಹಿಂದಿನ ಅಡ್ಡ ಪಟ್ಟಿಯಲ್ಲಿ ಒಂದು ಕಡೆ ಪ್ಲೇಟು ಹಾಕಿ ಕೊಂಡಿ ಕೂರಿಸಿಕೊಡುತ್ತೇನೆ, ಅರ್ಧ ದಿನದ ಕೆಲಸ. ಭಾನುವಾರ ಬನ್ನಿ. ಬರುವಾಗ ಮಗನ ಸೀಟು, ಅದರ ಜೊತೆ ಬಂದ ಪುಸ್ತಕ ಎರಡೂ ತನ್ನಿ. ಪಟ್ಟಿ ಯಾವ ಕಡೆಯಿಂದ ಎಳೆಯಬೇಕು ಅಂತ ಅದರಲ್ಲಿ ಚಿತ್ರ ಇರುತ್ತದೆ. ಅಷ್ಟು ದೂರ ಓಡಿ ಬಂದಿರುತ್ತದಲ್ಲ, ಸೀಟಿನ ಎಲ್ಲಾ ಬೋಲ್ಟುಗಳ ಬಿಗಿಯನ್ನೂ ಅವತ್ತೇ ಇನ್ನೊಮ್ಮೆ ನೋಡಿಬಿಡೋಣ.